ಎಲ್ಸಿ ಮತ್ತೆಲ್ಲಿಗೆ ಹೋದಳು

ಎಲ್ಸಿಗೆ ಮೊದಲು ಅನುಮಾನ ಬಂದದ್ದು ಕೋಳಿಸಾರಿನ ಮೇಲೆ. ಆಮೇಲೆ ಹಾಲಿನ ಮೇಲೆ ಬಂತು. ಅದಾದ ಮೇಲೆ ಗೋಧಿ, ಕಡಲೆ, ಹಸಿ ಈರುಳ್ಳಿ, ಹಲಸಿನಹಣ್ಣು. ಕೊನೆಗೆ ತಾನು ಕೆಲಸ ಮಾಡುವ ಅಂಗಡಿಯ ಮೂಲೆಯಲ್ಲಿಟ್ಟಿದ್ದ ನೀರನ್ನೂ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ, ಕುಡಿಯದೆ ಚೆಲ್ಲುವ ಮಟ್ಟಕ್ಕೆ ಬಂದಿದ್ದಳು. ಬಾಯಿಗೆ ಹೋಗುವ ಪ್ರತಿಯೊಂದೂ ಒಳಗೆ ಹೋಗಿ ಏನು ಕಿತಾಪತಿ ಮಾಡುತ್ತದೋ ಎಂದು ಅವಳು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕಾಯುತ್ತಿದ್ದಳು.

ಕೋಳಿಸಾರಿನ ವಿಷಯ ಮಾತ್ರ ಬೇರೆ ತರಹದ್ದು. ನಾದಿನಿಯ ಮಗುವಿನ ಜ್ಞಾನಸ್ನಾನದ ಔತಣದಲ್ಲಿ ಅದನ್ನು ಉಂಡವರೆಲ್ಲ ಎರಡು ದಿನ ಹೊಟ್ಟೆ ಹಿಡಿದುಕೊಂಡು ಓಡಾಡಿದ್ದರು. ಮೂರನೆಯ ದಿನ ಎಲ್ಲರೂ ಸುಧಾರಿಸಿಕೊಂಡು ಅದನ್ನೇ ನಗೆಚಾಟಿಕೆ ಮಾಡಿಕೊಂಡರು. ಎಲ್ಸಿಗೆ ಮಾತ್ರ ಆ ಮೂರನೆಯ ದಿನ ಬರಲೇ ಇಲ್ಲ. ಆ ಔತಣದ ಅಡುಗೆ ಮಾಡಿದ್ದವನು ಅವಳ ಗಂಡ ಲೋನಪ್ಪನ್. ಚೇರ್ಪ್‌ನಿಂದ ಒಲ್ಲೂರಿನವರೆಗೆ ಯಾವ ಕ್ರೈಸ್ತರ ಮನೆಯಲ್ಲಿ ಮದುವೆಯಾದರೂ ಬಾತುಕೋಳಿ ಹುರಿಯಲು ಅವನೇ ಬೇಕಿತ್ತು. ಹಾಗಾಗಿ ಮನೆಯಲ್ಲಿ ಕೋಳಿಸಾರಿನ ಮಾತು ಎತ್ತುವಂತಿರಲಿಲ್ಲ.

"ಮುನ್ನೂರು ಜನ ಉಂಡಿದ್ದಾರೆ. ನಿನ್ನೊಬ್ಬಳ ಹೊಟ್ಟೆಯೊಳಗೆ ಮಾತ್ರ ಆ ಕೋಳಿ ಇನ್ನೂ ಕೂಗ್ತಾ ಇದೆಯಾ?" ಎಂದು ಅವನು ಕೇಳುತ್ತಿದ್ದ.

"ನಾನು ಕೋಳಿ ಅಂದ್ನಾ? ನಾನು ಏನೂ ಅನ್ನಲಿಲ್ಲ."

"ಬಾಯಲ್ಲಿ ಅನ್ನಲಿಲ್ಲ. ಪಾತ್ರೆ ಮೂಸಿ ನೋಡ್ತೀಯಲ್ಲ, ಅದರಲ್ಲೇ ಎಲ್ಲಾ ಅಂದ ಹಾಗಾಯ್ತು."

ಮೂಸಿ ನೋಡುವುದು ಅವಳ ಹುಟ್ಟುಗುಣವೇನೂ ಅಲ್ಲ, ಕಸುಬಿನಿಂದ ಬಂದದ್ದು. ತ್ರಿಶೂರಿನ ಪೂಂಜೋಲ ಜವಳಿ ಅಂಗಡಿಯ ಎರಡನೆಯ ಮಹಡಿಯಲ್ಲಿ, ಮದುವೆ ಸೀರೆಗಳ ವಿಭಾಗದಲ್ಲಿ, ಅವಳು ಹರೆಯದಿಂದ ನಿಂತಿದ್ದಳು. ಯಾರು ಕೊಳ್ಳಲು ಬಂದವರು, ಯಾರು ತಂಪು ಗಾಳಿಗಾಗಿ ಬಂದವರು, ಯಾರು ಇಲ್ಲಿ ಬಣ್ಣ ನೋಡಿಕೊಂಡು ಪಕ್ಕದ ಅಂಗಡಿಗೆ ಹೋಗುವವರು ಎಂಬುದು ಅವರು ಮೆಟ್ಟಿಲು ಹತ್ತಿ ಬರುವ ರೀತಿಯಲ್ಲೇ ಅವಳಿಗೆ ತಿಳಿಯುತ್ತಿತ್ತು. ಒಂದು ದಿನ ಉಟ್ಟು, ಮಡಿಸಿ, ಬಣ್ಣ ಇಷ್ಟವಾಗಲಿಲ್ಲವೆಂದು ವಾಪಸು ತರುವವರ ಸೀರೆಯನ್ನು ಮೂಗಿನ ಹತ್ತಿರ ತಂದು, "ಚೇಚಿ, ಇದು ಮಲ್ಲಿಗೆ ಮುಡಿದು ಚರ್ಚಿಗೆ ಹೋಗಿ ಬಂದಿದೆ" ಎಂದು ನಗುತ್ತಲೇ ಹೇಳುತ್ತಿದ್ದಳು; ಚೇಚಿ ಎಂದರೆ ಅಕ್ಕ, ಗಿರಾಕಿಗಳೆಲ್ಲ ಅವಳಿಗೆ ಅಕ್ಕಂದಿರೇ. ಆದರೆ ನಂಬಿಸಿ ಮಾರುವುದರಲ್ಲೂ ಅವಳನ್ನು ಮೀರಿಸಿದವರಿಲ್ಲ. ಅಕ್ಕನ ಮದುವೆಗೆ ಬಂದ ಮನೆಯವರು ತಂಗಿಯ ಮದುವೆಗೂ ಬಂದು, "ಆ ಎಲ್ಸಿ ಇದಾಳಾ?" ಎಂದೇ ಕೇಳುತ್ತಿದ್ದರು.

ಹೊಟ್ಟೆ ಕೈಕೊಡಲು ಶುರುವಾದ ಮೇಲೆ ಆ ಪ್ರಶ್ನೆ "ಎಲ್ಸಿ ಮತ್ತೆಲ್ಲಿಗೆ ಹೋದಳು?" ಎಂದಾಯಿತು. ಸೀರೆಯ ಸೆರಗು ಬಿಡಿಸಿ ಕೈಮೇಲೆ ಹಾಕಿಕೊಂಡು ನಿಂತಿರುವಾಗಲೇ ಎಡಪಕ್ಕೆಯ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಗುತ್ತಿತ್ತು. ಕಿವಿಯ ಹಿಂದೆ ತಣ್ಣಗೆ ಬೆವರು ಕಿತ್ತುಬರುತ್ತಿತ್ತು. ನಂತರ ಇರುವುದು ಕೆಲವೇ ನಿಮಿಷ. ಹೆಂಗಸರ ಶೌಚಾಲಯ ಇದ್ದದ್ದು ಕೆಳಗೆ, ಗೋದಾಮಿನ ಹಿಂದೆ. ಎರಡು ಮಹಡಿ ಇಳಿದು, ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ ನುಸುಳಿ ಹೋಗಬೇಕು. ಗಿರಾಕಿಗಳಿಗೆ ಮಹಡಿಗೊಂದು ಬಿಳಿ ಟೈಲ್ಸಿನ ಶೌಚಾಲಯವಿತ್ತು. ಅದರ ಬೀಗದ ಕೈ ಕ್ಯಾಷ್ ಕೌಂಟರಿನಲ್ಲಿ. ಕೆಲಸದವರು ಅದರ ಹತ್ತಿರ ಸುಳಿಯುವಂತಿಲ್ಲ. ಕೆಳಗೆ ಹೋಗುವುದಕ್ಕೂ ಒಂದು ನಿಯಮವಿತ್ತು: ಮಹಡಿಗೊಂದು ಹಳದಿ ಪ್ಲಾಸ್ಟಿಕ್ ಬಿಲ್ಲೆ, ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಒಬ್ಬಳು ಬರುವ ತನಕ ಇನ್ನೊಬ್ಬಳು ಕಾಯಬೇಕು. ಕೂರಲು ಸ್ಟೂಲು ಕೂಡ ಇಲ್ಲದ ಅಂಗಡಿ ಅದು. ಗಿರಾಕಿ ಇಲ್ಲದಿದ್ದರೂ ಗೋಡೆಗೆ ಒರಗಿದರೆ ಮೇಲಿನ ಕ್ಯಾಮೆರಾ ನೋಡುತ್ತಿತ್ತು.

ಎಲ್ಸಿ ವೈದ್ಯರನ್ನು ಹುಡುಕಿದ್ದು ಕಡಿಮೆಯೇನಲ್ಲ. ಚೇರ್ಪ್‌ನ ನಾಟಿ ವೈದ್ಯರು ನಾಡಿ ಹಿಡಿದು, "ಗ್ರಹಣಿ" ಎಂದು ದಾಳಿಂಬೆ ಸಿಪ್ಪೆಯ ಚೂರ್ಣ ಕೊಟ್ಟರು; ಮಜ್ಜಿಗೆಯಲ್ಲಿ ಕಲಸಿ ಕುಡಿದಳು, ಒಂದು ತಿಂಗಳು ಚೆನ್ನಾಗಿತ್ತು. ಹೋಮಿಯೋಪತಿ ಗುಳಿಗೆ ನುಂಗಿದಳು. ಕೊನೆಗೆ ಮೆಡಿಕಲ್ ಕಾಲೇಜಿಗೆ ಹೋದಾಗ ರಕ್ತ, ಮಲ, ಸ್ಕ್ಯಾನು ಎಲ್ಲ ಆಗಿ ಕೊಳವೆಯನ್ನೂ ಹಾಕಿ ನೋಡಿದರು. ಅಲ್ಲಿನ ಎಳೆ ವಯಸ್ಸಿನ ಡಾಕ್ಟರಮ್ಮ ಕಾಗದ ತಿರುವಿ ಹಾಕಿ, "ಎಲ್ಲಾ ನಾರ್ಮಲ್ ಇದೆ" ಎಂದಳು.

"ಮತ್ತೆ ನೋವು?"

"ನೋವು ನಿಜವೇ. ಕರುಳಲ್ಲಿ ಹುಣ್ಣಿಲ್ಲ, ಗಂಟಿಲ್ಲ. ಆದರೆ ನಿಮ್ಮ ಕರುಳು ಸ್ವಲ್ಪ ಮುಂಗೋಪಿ. ಒಂದು ಸಲ ಜೋರಾಗಿ ಹೊಟ್ಟೆ ಕೆಟ್ಟ ಮೇಲೆ ಕೆಲವರಿಗೆ ಹೀಗಾಗುತ್ತೆ. ಸಣ್ಣದಕ್ಕೂ ರೇಗುತ್ತೆ. ತಿಂದದ್ದಕ್ಕೂ ರೇಗುತ್ತೆ, ಹೆದರಿದರೂ ರೇಗುತ್ತೆ. ಐಬಿಎಸ್ ಅಂತ ಹೆಸರು. ಪ್ರಾಣಕ್ಕೇನೂ ಅಪಾಯವಿಲ್ಲ."

ಹೊರಗೆ ಬಂದ ಮೇಲೆ ಎಲ್ಸಿ ಗಂಡನನ್ನು ಬೆಂಚಿನ ಮೇಲೆ ಕೂರಿಸಿ, "ನೀವು ಒಬ್ಬರೇ ಒಳಗೆ ಹೋಗಿ ಕೇಳಿ. ಕ್ಯಾನ್ಸರ್ ಇದ್ದರೆ ನನ್ನೆದುರು ಹೇಳಲ್ಲ, ಗಂಡಸರಿಗೆ ಹೇಳ್ತಾರೆ" ಎಂದಳು. ಲೋನಪ್ಪನ್ ಹೋಗಿ ಬಂದು ಅದನ್ನೇ ಹೇಳಿದ. ಅವನ ಮುಖವನ್ನೇ ದಿಟ್ಟಿಸಿದಳು. ಇವನೂ ಡಾಕ್ಟರಮ್ಮನೂ ಸೇರಿಕೊಂಡು ಮುಚ್ಚಿಡುತ್ತಿದ್ದಾರೆಂದು ಅವಳಿಗೆ ಆರು ತಿಂಗಳವರೆಗೂ ಅನಿಸುತ್ತಿತ್ತು. ಯಾವ ಯಂತ್ರಕ್ಕೂ ಕಾಣದೆ ಒಳಗೆ ಕೂತು ಹಿಂಡುವ ಕಾಯಿಲೆ ಎಂದರೆ ಅದನ್ನು ನಂಬುವುದು ಹೇಗೆ? ಆದರೂ ಸಾಯದೆ ಇದ್ದದ್ದರಿಂದ ನಿಧಾನಕ್ಕೆ ನಂಬಿದಳು.

ಕೆಲಸ ಬಿಡುವ ಮಾತೇ ಇರಲಿಲ್ಲ. ಮಗಳು ಕೊಯಮತ್ತೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಗಂಡನ ಅಡುಗೆ ಕೆಲಸ ಮದುವೆಯ ತಿಂಗಳುಗಳಲ್ಲಿ ಮಾತ್ರ. ಹಾಗಾಗಿ ಎಲ್ಸಿ ತನ್ನ ಹೊಟ್ಟೆಯೊಂದಿಗೆ ಒಂದು ಬಗೆಯ ರಾಜಿ ಮಾಡಿಕೊಂಡಳು. ನಸುಕಿಗೇ ಏಳುವುದು, ಬಿಸಿನೀರು ಕುಡಿದು, ಹೊಟ್ಟೆ ತಾನಾಗಿ ಸುಮ್ಮನಾಗುವ ತನಕ ಮನೆ ಬಿಡದಿರುವುದು. ಬೆಳಗ್ಗೆ ಏನೂ ತಿನ್ನದಿರುವುದು. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು. ದಾರಿಯುದ್ದಕ್ಕೂ ಎಲ್ಲೆಲ್ಲಿ ಇಳಿದು ಓಡಬಹುದೆಂಬುದು ಅವಳಿಗೆ ಬಾಯಿಪಾಠವಾಗಿತ್ತು: ಒಂದು ಚರ್ಚಿನ ಹಿತ್ತಲು, ಒಂದು ಪೆಟ್ರೋಲ್ ಬಂಕು, ಹುಬ್ಬು ಗಂಟಿಕ್ಕಿದರೂ ಬೇಡವೆನ್ನದ ಒಂದು ಹೋಟೆಲಿನವನು. ಚೀಲದಲ್ಲಿ ಮಡಿಸಿಟ್ಟ ಇನ್ನೊಂದು ಯೂನಿಫಾರಂ ಸೀರೆ. ಮಧ್ಯಾಹ್ನಕ್ಕೆ ಮೆತ್ತಗಿನ ಕುಚ್ಚಲಕ್ಕಿ ಅನ್ನ, ನೀರುಮಜ್ಜಿಗೆ, ಸುಟ್ಟ ಹಪ್ಪಳ. ಜೀರಿಗೆ ನೀರಿನ ಬಾಟಲಿ ಮನೆಯದೇ. ಊಟದ ಹೊತ್ತಿನಲ್ಲಿ ಎಲ್ಲರೂ ಡಬ್ಬಿ ತೆರೆದು ಮೀನು ಪಲ್ಯ ಹಂಚಿಕೊಳ್ಳುವಾಗ ಇವಳು ಬೆನ್ನು ತಿರುಗಿಸಿಕೊಂಡು ಉಣ್ಣುತ್ತಿದ್ದಳು.

ಅದು ಯಾರಿಗೂ ಹಿಡಿಸಲಿಲ್ಲ.

"ನಮ್ಮ ಮನೆ ಮೀನಿಗೆ ಏನಾಗಿದೆ ಎಲ್ಸಿ ಚೇಚಿ? ಮುಂಚೆ ತಲೆಯ ತುಂಡಿಗೆ ಜಗಳ ಆಡ್ತಿದ್ರಿ," ಎಂದಳು ಷೆಮಿ. ಪಕ್ಕದ ಕೌಂಟರಿನ ಹುಡುಗಿ. ಮದುವೆಯಾಗಿ ಹೊಸತರಲ್ಲಿ ಅತ್ತೆಯ ಜೊತೆ ಜಗಳವಾಡಿಕೊಂಡು ಬಂದು ಅತ್ತಾಗಲೆಲ್ಲ ಎಲ್ಸಿಯೇ ಕಣ್ಣೊರೆಸಿದ್ದಳು.

"ಉಷ್ಣ ಆಗುತ್ತೆ ಮೋಳೇ," ಎಂದಳು ಎಲ್ಸಿ, ಮಗಳೇ ಎನ್ನುವ ಅಕ್ಕರೆಯಲ್ಲಿ.

"ನಿನ್ನೆ ಶೀತ ಅಂದ್ರಿ."

ಹಿಂದಿನಿಂದ ಸತ್ಯಭಾಮ ನಕ್ಕಳು. ಅಂಗಡಿಯಲ್ಲಿ ಎಲ್ಲರಿಗಿಂತ ಹಳಬಳು, ಭಾಮ ಚೇಚಿ ಎಂದರೆ ಮ್ಯಾನೇಜರನಿಗೂ ಸ್ವಲ್ಪ ಅಳುಕು. "ಉಷ್ಣಾನೂ ಅಲ್ಲ ಶೀತಾನೂ ಅಲ್ಲ. ವಾಕರಿಕೆ, ಊಟ ಸೇರಲ್ಲ, ಗಳಿಗೆಗೊಂದ್ಸಲ ಕೆಳಗೆ ಓಟ. ಲೋನಪ್ಪನ್‌ಗೆ ಮುದಿತನದಲ್ಲಿ ತೊಟ್ಟಿಲು ಕಟ್ಟೋ ಯೋಗ ಇರ್ಬೇಕು."

ಎಲ್ಲರೂ ನಕ್ಕರು. ಎಲ್ಸಿಯೂ ನಕ್ಕಳು. ಹೊಟ್ಟೆಯ ವಿಷಯ ಹೇಳುವುದಕ್ಕಿಂತ ಬಸುರಿ ಎಂದುಕೊಳ್ಳಲಿ, ವಾಸಿ. ರೇಷ್ಮೆ ಸೀರೆ ಮುಟ್ಟುವ ಕೈ ಅದು. ಅವಳು ಎಲ್ಲಿಂದ ಬಂದಳೆಂದು ಗಿರಾಕಿಗೆ ಗೊತ್ತಾದರೆ? ಜೊತೆಯವರೇ ಮೂಗು ಮುಚ್ಚಿಕೊಂಡರೆ? ಈ ಯೋಚನೆಗೇ ಕರುಳು ರೇಗುತ್ತಿತ್ತು.

ಹಾಗಿರುವಾಗ ಒಂದು ದಿನ, ಮದುವೆಯ ಹೆಣ್ಣು, ಅವಳಮ್ಮ, ಅತ್ತಿಗೆಯರು ಸಾಲಾಗಿ ಕೂತಿದ್ದಾಗ, ಎಲ್ಸಿ ಕೈಯಲ್ಲಿದ್ದ ಸೀರೆಯನ್ನು ಹಾಗೇ ಅವರ ಮಡಿಲಿಗೆ ಹಾಕಿ ಓಡಿದಳು. ಬಿಲ್ಲೆ ಕೂಡ ತೆಗೆದುಕೊಳ್ಳಲಿಲ್ಲ. ವಾಪಸು ಬಂದಾಗ ಗಿರಾಕಿಗಳಿರಲಿಲ್ಲ. ಮಹಡಿಗಳ ಮ್ಯಾನೇಜರ್ ಡೇವಿಸ್ ಇದ್ದ.

"ಎಲ್ಲಿ ಹೋಗಿದ್ರಿ? ಅಷ್ಟು ದೊಡ್ಡ ಪಾರ್ಟಿ ಎದ್ದು ಹೋಯ್ತು. ಮುದಲಾಳಿ ಕ್ಯಾಮೆರಾದಲ್ಲಿ ನೋಡಿ ಫೋನ್ ಮಾಡಿ ಬೈದರು."

ಮುದಲಾಳಿ ಎಂದರೆ ಅಂಗಡಿಯ ಧಣಿ. ಎಲ್ಸಿ ತಲೆತಗ್ಗಿಸಿ, "ಹೆಂಗಸರ ತೊಂದರೆ ಸಾರ್. ಕೆಲವು ಸಲ ತಡೆಯೋಕಾಗಲ್ಲ" ಎಂದಳು.

ಡೇವಿಸ್‌ನ ಕಿವಿ ಕೆಂಪಾಯಿತು. ಆಚೀಚೆ ನೋಡಿ, "ಸರಿ ಸರಿ. ಬಿಲ್ಲೆಗೆ ಕಾಯ್ಬೇಡಿ. ಹೋಗಿ ಬನ್ನಿ, ಯಾರಿಗೂ ಹೇಳ್ಬೇಡಿ" ಎಂದು ಅಲ್ಲಿಂದ ಕಾಲುಕಿತ್ತ.

ಅವಳು ಯಾರಿಗೂ ಹೇಳಲಿಲ್ಲ. ಆದರೆ ಕಣ್ಣು ಎಲ್ಲರಿಗೂ ಇತ್ತು. ಬಿಲ್ಲೆ ಇಲ್ಲದೆ ಹೋಗುತ್ತಾಳೆ, ಬರುತ್ತಾಳೆ, ಡೇವಿಸ್ ತುಟಿ ಪಿಟಕ್ಕೆನ್ನುವುದಿಲ್ಲ. ಬೇರೆಯವರು ಬಿಲ್ಲೆ ಹಾಕಿಕೊಂಡು ಹೋಗಿ ಸ್ವಲ್ಪ ತಡವಾದರೂ ಸಂಬಳದಲ್ಲಿ ಕಡಿತ. ಇವಳಿಗೆ ಅದೂ ಇಲ್ಲ. ಎಲ್ಸಿ ಬಂದರೆ ಮಾತು ನಿಲ್ಲತೊಡಗಿತು. ಒಮ್ಮೆ ಷೆಮಿ ಹಬ್ಬದ ಬೋನಸ್ ಬಗ್ಗೆ ಏನೋ ಹೇಳುತ್ತಿದ್ದವಳು ಇವಳನ್ನು ಕಂಡು, "ಅಯ್ಯೋ, ಈ ವರ್ಷ ಮಳೆ ಜಾಸ್ತಿ ಅಲ್ವಾ" ಎಂದು ಮಾತು ತಿರುಗಿಸಿದಳು. ಹೊರಗೆ ಬಿಸಿಲು ಸುಡುತ್ತಿತ್ತು.

ಎಲ್ಸಿಗೆ ಹೊಳೆಯಿತು: ನಾನು ಕೆಳಗೆ ಹೋಗುವುದು ಡೇವಿಸ್‌ಗೆ ಸುದ್ದಿ ಕೊಡುವುದಕ್ಕೆ ಎಂದುಕೊಂಡಿದ್ದಾರೆ. ಅಥವಾ ಅದಕ್ಕಿಂತ ಕೆಟ್ಟದ್ದೇ ಅಂದುಕೊಂಡಿದ್ದಾರೋ? ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಒಂದೊಂದೇ ಮುಖ ನೆನೆದು, ಯಾರು ಯಾರ ಕಿವಿಯಲ್ಲಿ ಏನು ಊದಿರಬಹುದೆಂದು ಲೆಕ್ಕ ಹಾಕಿದಳು. ಹೆಸರುಗಳು ಮುಗಿಯುವ ಮುಂಚೆಯೇ ಪೆಟ್ರೋಲ್ ಬಂಕಿನಲ್ಲಿ ಇಳಿಯಬೇಕಾಯಿತು.

ಓಣಂಗೆ ಇನ್ನೇನು ಎರಡು ವಾರ ಇದೆ ಎನ್ನುವಾಗ ಅಂಗಡಿಯಲ್ಲಿ ಬಾಂಬು ಬಿದ್ದಂತಾಯಿತು. ಯಾರೋ ಕಾರ್ಮಿಕ ಇಲಾಖೆಗೆ ಫೋನು ಮಾಡಿದ್ದರು. ಪೂಂಜೋಲದಲ್ಲಿ ಹೆಂಗಸರನ್ನು ಶೌಚಾಲಯಕ್ಕೆ ಬಿಡುವುದಿಲ್ಲ, ಕೂರಲು ಬಿಡುವುದಿಲ್ಲ ಎಂದು ಎಲ್ಲವನ್ನೂ ಹೇಳಿದ್ದರಂತೆ. ಬಿಲ್ಲೆಯ ಬಣ್ಣವನ್ನೂ ಬಿಟ್ಟಿರಲಿಲ್ಲ. ಹೆಸರು ಹೇಳಿರಲಿಲ್ಲ. ದನಿ ಹೆಂಗಸಿನದು. ಇಲಾಖೆಯವರು ತಪಾಸಣೆಗೆ ಬರುತ್ತಾರೆಂದು ಮುದಲಾಳಿಗೆ ಮೊದಲೇ ಸುದ್ದಿ ಬಂತು.

ಡೇವಿಸ್ ಎಲ್ಸಿಯನ್ನು ಮೆಟ್ಟಿಲ ಹತ್ತಿರ ಕರೆದ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ನಿಮಗೆ ನಾನು ಏನು ಕಡಿಮೆ ಮಾಡಿದ್ದೆ?"

"ನಾನೇನು ಮಾಡಿದೆ ಸಾರ್?"

"ಬಾತ್‌ರೂಮಿನ ವಿಷಯ ಅಷ್ಟು ವಿವರವಾಗಿ ಯಾರಿಗೆ ಗೊತ್ತಿರುತ್ತೆ? ಅಲ್ಲೇ ವಾಸ ಮಾಡೋರಿಗೆ ತಾನೇ?"

"ಏಸುವಾಣೆ ನಾನಲ್ಲ."

"ಎಲ್ರೂ ಅವರವರ ದೇವರ ಮೇಲೆ ಆಣೆ ಹಾಕಿ ಆಯ್ತು. ನಾಳೆಯಿಂದ ನೀವು ನಾಲ್ಕನೇ ಮಹಡಿ, ಬೆಡ್‌ಶೀಟ್ ವಿಭಾಗ. ಬಿಲ್ಲೆ ಇಲ್ಲದೆ ಕೆಳಗೆ ಕಾಲಿಡಬೇಡಿ."

ನಾಲ್ಕನೆಯ ಮಹಡಿ! ಎಲ್ಸಿಯ ಕರುಳು ಅಲ್ಲೇ, ಆ ಕ್ಷಣವೇ, ಅದಕ್ಕೆ ಉತ್ತರ ಕೊಟ್ಟಿತು.

ವಿಚಿತ್ರವೆಂದರೆ ಜೊತೆಯವರಿಗೆ ಇದೂ ನಾಟಕದಂತೆ ಕಂಡಿತು. ಮೇಲಿನ ಮಹಡಿಯ ಹೆಂಗಸರ ಮಧ್ಯೆ ಕಿವಿ ಬಿಟ್ಟುಕೊಂಡು ಕೂರಲು ಡೇವಿಸ್ ಅವಳನ್ನು ಕಳಿಸಿದ್ದಾನೆ ಎಂದುಕೊಂಡರು. ಬೆಡ್‌ಶೀಟ್ ವಿಭಾಗದಲ್ಲಿ ಅವಳು ಕಾಲಿಟ್ಟ ದಿನ ಒಬ್ಬಳೂ ಮಾತಾಡಿಸಲಿಲ್ಲ. ಎಲ್ಸಿಯೂ ಮೈಯೆಲ್ಲ ಕಣ್ಣಾಗಿ ಅವರನ್ನು ನೋಡುತ್ತಿದ್ದಳು. ನನ್ನ ಹೆಸರನ್ನು ಡೇವಿಸ್‌ಗೆ ಕೊಟ್ಟವರು ಯಾರು? ಷೆಮಿಯೇ? ನಿಜವಾಗಿ ಫೋನು ಮಾಡಿದವಳು ತಾನು ತಪ್ಪಿಸಿಕೊಳ್ಳಲು ನನ್ನತ್ತ ಬೆರಳು ತೋರಿಸಿರಬೇಕು. ಭಾಮ ಚೇಚಿಯನ್ನೂ ಇತ್ತೀಚೆಗೆ ಇದೇ ಮಹಡಿಗೆ ಹಾಕಿದ್ದರು. ಅವಳಂತೂ ಬಿಲ್ಲೆ ಹಾಕಿಕೊಂಡು ಹೋದರೆ ಬರುವುದೇ ಇಲ್ಲ. ಅಷ್ಟು ಹೊತ್ತು ಅಲ್ಲಿ ಏನು ಮಾಡುತ್ತಾಳೆ? ಫೋನಲ್ಲವೇ ಮತ್ತೆ? ಒಂದು ಮಧ್ಯಾಹ್ನ ಭಾಮ ತಾನಾಗಿ ಒಂದು ಲೋಟ ಮಜ್ಜಿಗೆ ಮುಂದೆ ಹಿಡಿದಾಗ ಎಲ್ಸಿ ಅದನ್ನು ಮೂಸಿ, ಆಮೇಲೆ ಕುಡಿಯುತ್ತೇನೆಂದು ಪಕ್ಕಕ್ಕಿಟ್ಟು, ಯಾರೂ ನೋಡದಾಗ ಬೇಸಿನ್‌ಗೆ ಸುರಿದಳು. ಸುರಿದು ತಿರುಗಿದರೆ ಭಾಮ ನೋಡುತ್ತ ನಿಂತಿದ್ದಳು.

"ವಿಷ ಹಾಕಿದೀನಿ ಅಂದ್ಕೊಂಡ್ಯಾ?" ಎಂದು ಕೇಳಿ ಅವಳು ಹೊರಟುಹೋದಳು.

ತಪಾಸಣೆಯ ಹಿಂದಿನ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಸಿ ಹೊದಿಕೆಗಳ ರಾಶಿ ಇಳಿಸುತ್ತಿದ್ದಾಗ ಪಕ್ಕೆ ಹಿಂಡಿತು. ಬಿಲ್ಲೆ ನೇತುಹಾಕುವ ಮೊಳೆಯ ಕಡೆ ನೋಡಿದಳು, ಖಾಲಿ. ಭಾಮ ಕೊರಳಿಗೆ ಹಾಕಿಕೊಂಡು ಹೋಗಿ ಆಗಲೇ ಬಹಳ ಹೊತ್ತಾಗಿತ್ತು. ಎಲ್ಸಿ ಹಲ್ಲು ಕಚ್ಚಿ ನಿಂತಳು. ಗಿರಾಕಿಯೊಬ್ಬಳು, "ಇದರಲ್ಲಿ ನೀಲಿ ಇದೆಯಾ?" ಎಂದು ಕೇಳಿದಳು. ನೀಲಿ, ಹಸಿರು ಎಲ್ಲ ಒಂದೇ ಬಣ್ಣವಾಗಿ ಕಾಣುತ್ತಿತ್ತು. ಇನ್ನಾಗದು ಎಂದಾಗ ಕ್ಯಾಮೆರಾದ ಕೆಳಗೇ ಓಡಿದಳು. ನಾಲ್ಕು ಮಹಡಿ ಹೇಗೆ ಇಳಿದಳೋ ತಿಳಿಯದು. ಗೋದಾಮಿನ ಹಿಂದಿನ ಶೌಚಾಲಯದ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಎರಡೂ ಕೈಯಲ್ಲಿ ಬಡಿದಳು.

"ಯಾರದು? ಇದೀನಿ!"

"ಭಾಮ ಚೇಚಿ, ತೆಗೀರಿ! ನಿಮ್ಮ ಕಾಲಿಗೆ ಬೀಳ್ತೀನಿ, ತೆಗೀರಿ!"

ಬಾಗಿಲು ತೆರೆಯಿತು. ಒಳಗೆ ಒಂದು ಬಕೆಟ್ಟು ಬೋರಲಾಗಿತ್ತು. ಭಾಮ ಅದರ ಮೇಲೆ ಕೂತು ಕಾಲು ಚಾಚಿಕೊಂಡಿದ್ದಿರಬೇಕು, ಸೀರೆ ಮೊಣಕಾಲಿನ ತನಕ ಮೇಲೆ ಸರಿದಿತ್ತು. ಎಲ್ಸಿಗೆ ಅಷ್ಟೇ ಕಂಡದ್ದು. ಅವಳನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದಳು.

ಹೊರಗೆ ಬಂದಾಗ ಭಾಮ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಕಾಯುತ್ತಿದ್ದಳು. ಎಲ್ಸಿಯ ಬಿಳಚಿಕೊಂಡ ಮುಖ ನೋಡಿ, "ಎಡೀ, ನಿಂಗೆ ಏನಾಗಿದೆ ನಿಜ ಹೇಳು. ಬಸುರಿ ಅಲ್ಲ ಅಂತ ನಂಗೆ ಯಾವತ್ತೋ ಗೊತ್ತು" ಎಂದಳು.

ಎಲ್ಸಿ ಅಲ್ಲೇ ನೆಲಕ್ಕೆ ಕುಸಿದು ಹೇಳಿದಳು. ಕೋಳಿಸಾರಿನಿಂದ ಹಿಡಿದು ಮುಂಗೋಪಿ ಕರುಳಿನ ತನಕ, ಚೀಲದಲ್ಲಿರುವ ಇನ್ನೊಂದು ಸೀರೆಯ ತನಕ. ಭಾಮ ಬಾಯಿ ಬಿಟ್ಟುಕೊಂಡು ಕೇಳಿದಳು.

"ಇಷ್ಟೇನಾ? ನಾವು ಏನೇನೋ ಕಟ್ಟಿದ್ವಲ್ಲೇ. ಡೇವಿಸ್ ನಿನ್ನ ಕೈಗೆ ಹಾಕೋ ಬಳೆ ಬಣ್ಣ ಕೂಡ ಮಾತಾಡಿಕೊಂಡಿದ್ವಿ."

"ನೀವು ಇಲ್ಲಿ ಏನು ಮಾಡ್ತಿದ್ರಿ?"

ಭಾಮ ಸೀರೆಯನ್ನು ಸ್ವಲ್ಪ ಮೇಲೆತ್ತಿದಳು. ಮೀನಖಂಡದ ಮೇಲೆ ನೀಲಿ ನರಗಳು ಹಗ್ಗದಂತೆ ಗಂಟುಗಂಟಾಗಿ ಎದ್ದಿದ್ದವು. ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. "ಕೂರೋಕೆ ಬರ್ತೀನಿ. ಈ ಅಂಗಡೀಲಿ ಕೂರೋಕೆ ಇರೋ ಜಾಗ ಇದೊಂದೇ."

ಆಮೇಲೆ ಎಲ್ಸಿ ಮೆಲ್ಲಗೆ, "ಫೋನ್ ಮಾಡಿದ್ದು ನೀವಾ?" ಎಂದು ಕೇಳಿದಳು.

"ನೀನಲ್ವಾ?"

"ನಾನಲ್ಲ."

"ನಾನೂ ಅಲ್ಲ," ಎಂದಳು ಭಾಮ. ಇಬ್ಬರಿಗೂ ಇನ್ನೊಬ್ಬರ ಮಾತಿನಲ್ಲಿ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಭಾಮ ಕೈಕೊಟ್ಟು ಅವಳನ್ನು ಎಬ್ಬಿಸಿದಳು.

ಯಾರಿಗೂ ಹೇಳಬೇಡಿ ಎಂದು ಎಲ್ಸಿ ಕೇಳಿಕೊಳ್ಳಲಿಲ್ಲ, ಕೇಳಿಕೊಂಡರೂ ಪ್ರಯೋಜನವಿರುತ್ತಿರಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ನಾಲ್ಕೂ ಮಹಡಿಗೆ ಸುದ್ದಿ ಹಬ್ಬಿತ್ತು. ಒಬ್ಬಳು ಬೇಲದ ಕಾಯಿ ಒಳ್ಳೆಯದು ಎಂದಳು, ಇನ್ನೊಬ್ಬಳು ತನ್ನ ಭಾವನಿಗೂ ಹೀಗೇ ಇದೆ ಎಂದಳು, ಪ್ಯಾಕಿಂಗಿನವಳೊಬ್ಬಳು ಹಿಂದಿನಿಂದ ಏನೋ ಹೇಳಿ ಕಿಸಕ್ಕೆಂದಳು. ಷೆಮಿ ಮಾತ್ರ ಬಸ್ ಸ್ಟ್ಯಾಂಡಿನ ತನಕ ಮುಖ ಊದಿಸಿಕೊಂಡೇ ಬಂದಳು.

"ನನ್ನ ಮನೆಯ ಕೊಳೆಯೆಲ್ಲ ನಿಮ್ಮ ಮುಂದೆ ಹರವಿದೀನಿ. ನೀವು ಒಂದು ಹೊಟ್ಟೆನೋವು ಹೇಳಲಿಲ್ಲ. ನನ್ನ ಮೇಲೂ ಅನುಮಾನ ಅಲ್ವಾ?"

"ನೀನು ಮಳೆ ಜಾಸ್ತಿ ಅಂದೆಯಲ್ಲ, ಸುಡೋ ಬಿಸಿಲಲ್ಲಿ," ಎಂದಳು ಎಲ್ಸಿ.

ಷೆಮಿಗೆ ತಡೆಯಲಾಗದೆ ನಗು ಬಂತು. ಆದರೆ ಸಿಟ್ಟು ಪೂರ್ತಿ ಇಳಿಯಲಿಲ್ಲ.

ಮರುದಿನ ಬೆಳಗ್ಗೆ ಮಹಡಿಗೆರಡು ಹೊಸ ಸ್ಟೂಲು ಬಂದು ಕೂತಿದ್ದವು, ಪ್ಲಾಸ್ಟಿಕ್ ಕವರನ್ನೂ ಕಿತ್ತಿರಲಿಲ್ಲ. ಹಳದಿ ಬಿಲ್ಲೆ ಮಾಯವಾಗಿತ್ತು. ಡೇವಿಸ್ ನಾಲ್ಕೂ ಮಹಡಿಯವರನ್ನು ಒಂದೇ ಕಡೆ ಸಾಲಾಗಿ ನಿಲ್ಲಿಸಿ, "ಕೇಳಿದ್ದಕ್ಕೆ ಮಾತ್ರ ಉತ್ತರ. ಇಲ್ಲಿ ಏನೂ ತೊಂದರೆ ಇಲ್ಲ. ಹಬ್ಬ ಎದುರಿಗಿದೆ, ನೆನಪಿರಲಿ" ಎಂದ. ಇಲಾಖೆಯ ಅಧಿಕಾರಿ ಕನ್ನಡಕ ಹಾಕಿದ ಗಿಡ್ಡ ಹೆಂಗಸು. ಮೇಲೆ ಬರುವ ಮುಂಚೆ ಮುದಲಾಳಿಯ ಕೋಣೆಯಲ್ಲಿ ಎಳನೀರು ಕುಡಿದು ಬಂದದ್ದನ್ನು ಎಲ್ಸಿ ಗಮನಿಸಿದ್ದಳು. ಇವಳನ್ನೂ ನಂಬುವಂತಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಅಧಿಕಾರಿ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. "ಶೌಚಾಲಯಕ್ಕೆ ಬಿಡ್ತಾರಾ?" "ಬಿಡ್ತಾರೆ." "ಕೂರೋಕೆ?" "ಸ್ಟೂಲ್ ಇದೆ." ಎಲ್ಲರ ಕಣ್ಣೂ ನೆಲದ ಮೇಲೆ. ಎಲ್ಸಿಯ ಸರದಿ ಬರುವಷ್ಟರಲ್ಲಿ ಅವಳ ಪಕ್ಕೆ ಹಿಂಡತೊಡಗಿತ್ತು. ಹೆದರಿದರೂ ರೇಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ಸುಳ್ಳಲ್ಲ. ಈಗ ಬಿಡ್ತಾರೆ ಎಂದು ಹೇಳಿ ಓಡಬೇಕು, ಓಡಬೇಕಾದರೆ ಡೇವಿಸ್‌ನ ಮುಖ ನೋಡಿ ಅನುಮತಿ ಕೇಳಬೇಕು. ಆ ಯೋಚನೆಗೇ ಅವಳು ರೋಸಿಹೋದಳು.

"ಬಿಡಲ್ಲ ಮೇಡಂ," ಎಂದಳು. "ನಂಗೆ ಕರುಳಿನ ಕಾಯಿಲೆ ಇದೆ. ಬಂದರೆ ತಡೆಯೋಕಾಗಲ್ಲ. ನಾಲ್ಕು ಮಹಡಿ ಇಳೀಬೇಕು, ಬಿಲ್ಲೆಗೆ ಕಾಯಬೇಕು. ಈ ಸ್ಟೂಲು ಇವತ್ತು ಬೆಳಗ್ಗೆ ಬಂದದ್ದು."

ಡೇವಿಸ್ ಮುಂದೆ ಬಂದ. "ಇವರು ನನ್ನ ಹತ್ರ ಬೇರೇನೇ ಹೇಳಿದ್ರು. ಹೆಂಗಸರ ತೊಂದರೆ ಅಂತ."

"ಅದು ಸುಳ್ಳು ಸಾರ್. ಭೇದಿ ಅನ್ನೋಕೆ ನಾಚಿಕೆ ಆಗಿತ್ತು."

ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದಳು. "ಆಸ್ಪತ್ರೆ ಚೀಟಿ ಇದೆಯಾ?"

ಎಲ್ಸಿಯ ಚೀಲದಲ್ಲಿ ಅದು ಸದಾ ಇರುತ್ತಿತ್ತು. ಅಧಿಕಾರಿ ತಿರುವಿ ನೋಡಿ, "ಎಲ್ಲಾ ನಾರ್ಮಲ್ ಅಂತ ಇದೆಯಲ್ಲಮ್ಮ?" ಎಂದಳು. ಡೇವಿಸ್‌ನ ತುಟಿಯಂಚಿನಲ್ಲಿ ನಗು ಸುಳಿಯಿತು.

"ಅದೇ ಈ ಕಾಯಿಲೆಯ ತೊಂದರೆ ಮೇಡಂ. ನೋಡೋರಿಗೆ ಕಾಣಲ್ಲ. ಕೊನೇ ಸಾಲಲ್ಲಿ ಹೆಸರಿದೆ, ಓದಿ."

ಅಧಿಕಾರಿ ಓದುವಷ್ಟರಲ್ಲಿ ಪಕ್ಕದಲ್ಲಿದ್ದ ಭಾಮ ಒಂದು ಹೆಜ್ಜೆ ಮುಂದೆ ಬಂದಳು. "ಅವಳದ್ದು ಕಾಣಲ್ಲ. ನಂದು ಕಾಣುತ್ತೆ, ನೋಡ್ತೀರಾ?" ಎಂದು ಎಲ್ಲರೆದುರೇ ಸೀರೆಯನ್ನು ಮೊಣಕಾಲಿಗೆ ಎತ್ತಿದಳು. ಡೇವಿಸ್ ಮುಖ ತಿರುಗಿಸಿದ. ಆಮೇಲೆ ಷೆಮಿ ಬಾಯಿ ಬಿಟ್ಟಳು, ಅವಳ ಹಿಂದೆ ಇನ್ನೊಬ್ಬಳು. ಅವರು ಏನೇನು ಹೇಳಿದರೋ ಎಲ್ಸಿಗೆ ಕೇಳಿಸಲಿಲ್ಲ. ಕ್ಯಾಷ್ ಕೌಂಟರಿನ ಮೇಲಿದ್ದ ಗಿರಾಕಿಗಳ ಶೌಚಾಲಯದ ಬೀಗದ ಕೈಯನ್ನು ತೆಗೆದುಕೊಂಡು, ಯಾರನ್ನೂ ಕೇಳದೆ, ಅವಳು ಆ ಬಿಳಿ ಟೈಲ್ಸಿನ ಕೋಣೆಗೆ ಹೋಗಿಬಿಟ್ಟಿದ್ದಳು.

ಅದರಿಂದ ಅಂಗಡಿ ಸ್ವರ್ಗವಾಗಲಿಲ್ಲ. ಮುದಲಾಳಿಗೆ ನೋಟಿಸು ಬಂತು. ಮಹಡಿಯ ಶೌಚಾಲಯ ಕೆಲಸದವರಿಗೂ ತೆರೆಯಿತು. ಬಿಲ್ಲೆ ಮತ್ತೆ ಬರಲಿಲ್ಲ. ಸ್ಟೂಲುಗಳು ಮಾತ್ರ ಓಣಂ ಮುಗಿಯುವ ಮುಂಚೆಯೇ ಗೋದಾಮು ಸೇರಿದವು. ಕೂರುವ ಹಕ್ಕಿಗೆ ಕಾನೂನು ಬಂದದ್ದು ಕೆಲವು ವರ್ಷಗಳ ನಂತರ. ಅಷ್ಟರಲ್ಲಿ ಭಾಮ ಕೆಲಸ ಬಿಟ್ಟಿದ್ದಳು. ಎಲ್ಸಿಯನ್ನು ತೆಗೆದುಹಾಕುತ್ತಾರೆಂದು ಎಲ್ಲರೂ ಅಂದುಕೊಂಡರು. ಆದರೆ ಮದುವೆ ಸೀರೆಗೆ ಬಂದ ಎರಡು ದೊಡ್ಡ ಮನೆಯವರು ಅವಳನ್ನೇ ಕೇಳಿದ್ದರಿಂದ ಅವಳು ಎರಡನೆಯ ಮಹಡಿಗೆ ವಾಪಸು ಬಂದಳು.

ಲೋನಪ್ಪನ್‌ಗೆ ವಿಷಯ ತಲುಪಿದ್ದು ಒಂದು ಮದುವೆಯ ಅಡುಗೆ ಮನೆಯಲ್ಲಿ. ಅವನು ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ, "ಆಫೀಸರ್ ಮುಂದೆ ನನ್ನ ಕೋಳಿಸಾರಿನ ಹೆಸರು ತೆಗೆದ್ಯಾ?" ಎಂದು ಕೇಳಿದ.

"ಇಲ್ಲ. ತೆಗೀಬೇಕಿತ್ತಾ?"

ಮಾರನೆಯ ದಿನದಿಂದ ಅವಳ ಡಬ್ಬಿಯ ಗಂಜಿಯನ್ನು ಅವನೇ ಬೇಯಿಸತೊಡಗಿದ, ಖಾರವಿಲ್ಲದೆ, ತಾನೇ ಮೊದಲು ಒಂದು ಚಮಚ ಉಂಡು ತೋರಿಸಿ. ಅವಳು ಕೇಳಿರಲಿಲ್ಲ.

ಡೇವಿಸ್ ಬಹಳ ದಿನ ಮಾತು ಬಿಟ್ಟಿದ್ದ. ಕ್ರಿಸ್‌ಮಸ್ಸಿನ ಹೊತ್ತಿಗೆ ಒಮ್ಮೆ ಮೆಟ್ಟಿಲಲ್ಲಿ ಎದುರಾದಾಗ ತಡೆಯಲಾಗದೆ, "ಈಗಲಾದರೂ ಹೇಳಿ. ಆ ಫೋನ್ ನೀವೇ ತಾನೇ?" ಎಂದ.

ಎಲ್ಸಿ ಇಲ್ಲ ಎನ್ನಲು ಬಾಯಿ ತೆರೆದಳು. ಅವನ ಕಣ್ಣಲ್ಲಿದ್ದ ಅಳುಕನ್ನು ನೋಡಿ ನಿಂತಳು. ಇಷ್ಟು ದಿನ ಬೇರೆಯವರ ಅನುಮಾನ ತನ್ನ ಪಕ್ಕೆಯನ್ನು ಹಿಂಡುತ್ತಿತ್ತು. ಇದೊಂದು ಅನುಮಾನ ಮಾತ್ರ ಅವನ ಪಕ್ಕೆಯಲ್ಲಿ ಇದ್ದರೆ ಎಲ್ಲರಿಗೂ ಒಳ್ಳೆಯದು ಎನಿಸಿತು.

"ಯಾರಾದ್ರೆ ಏನು ಸಾರ್," ಎಂದಳು, "ಇಲಾಖೆ ನಂಬರ್ ಈಗ ಎಲ್ಲರ ಹತ್ರಾನೂ ಇದೆಯಲ್ಲ."

ಫೋನು ಮಾಡಿದವರು ಯಾರೆಂಬುದು ಅವಳಿಗೂ ತಿಳಿಯಲಿಲ್ಲ. ಭಾಮ ಕೆಲಸ ಬಿಟ್ಟು ಹೋಗುವಾಗ ಎಲ್ಸಿ ಇನ್ನೊಮ್ಮೆ ಕೇಳಿದ್ದಳು. ಭಾಮ ಗದರಿ ನಕ್ಕಿದ್ದಳು. ಷೆಮಿಯನ್ನು ಕೇಳಿದರೆ ಷೆಮಿ ಇವಳನ್ನೇ ಕೇಳುತ್ತಾಳೆ. ಹೊಟ್ಟೆ ಈಗಲೂ ಆಗಾಗ ಕೈಕೊಡುತ್ತದೆ, ಆದರೆ ಮೊದಲಿನಷ್ಟು ಬೆದರಿಸುವುದಿಲ್ಲ. ಓಡಬೇಕಾದಾಗ ಅವಳು ಗಿರಾಕಿಯ ಕೈಗೆ ಸೀರೆ ಕೊಟ್ಟು, "ಐದು ನಿಮಿಷ ಚೇಚಿ, ಹೊಟ್ಟೆ ಸರಿ ಇಲ್ಲ" ಎಂದು ನೇರವಾಗಿ ಹೇಳಿ ಹೋಗುತ್ತಾಳೆ. ಬಹುಪಾಲು ಜನ ಕಾಯುತ್ತಾರೆ. ಮೊನ್ನೆ ಒಬ್ಬ ಮದುಮಗಳ ಅಜ್ಜಿ ಕಾಯುವುದಷ್ಟೇ ಅಲ್ಲ, ಅವಳ ಹಿಂದೆಯೇ ಎದ್ದು ಬಂದು, "ಎಲ್ಲಿದೆ ಮೋಳೇ, ನಂಗೂ ತೋರಿಸು. ಆಗಿನಿಂದ ಕೇಳೋಕೆ ನಾಚಿಕೊಂಡು ಕೂತಿದ್ದೆ" ಎಂದಳು. ಎಲ್ಸಿ ಒಂದು ಕ್ಷಣ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ನಿಜವೆಂದು ಖಾತ್ರಿ ಮಾಡಿಕೊಂಡು, ಅವಳನ್ನೇ ಮೊದಲು ಒಳಗೆ ಬಿಟ್ಟಳು.